ನಿಸರ್ಗದ ಹಕ್ಕು

‘ನೈಸರ್ಗಿಕ ಹಕ್ಕು’ ಮತ್ತು ‘ನಿಸರ್ಗದ ಹಕ್ಕು’ ಕಿವಿಗೆ ಹೆಚ್ಚುಕಡಿಮೆ ಒಂದೇ ಎಂದು ಕೇಳಿಸುತ್ತವೆ. ಅರ್ಥದಲ್ಲಿ ಮಾತ್ರ ಅವು ಬಹಳ ದೂರ. ಮನುಷ್ಯನಾಗಿ ಹುಟ್ಟಿದ ಕಾರಣಕ್ಕೇ, ಯಾವ ಸರ್ಕಾರವೂ ಕೊಡದಿದ್ದರೂ, ಪ್ರತಿಯೊಬ್ಬರಿಗೂ ಇದೆಯೆಂದು ಒಪ್ಪಲಾದದ್ದು ನೈಸರ್ಗಿಕ ಹಕ್ಕು. ನಿಸರ್ಗದ ಹಕ್ಕಿನಲ್ಲಿ ಹಕ್ಕುದಾರನ ಜಾಗದಲ್ಲಿ ಮನುಷ್ಯನಿಲ್ಲ. ಅಲ್ಲಿರುವುದು ಒಂದು ನದಿ, ಒಂದು ಕಾಡು ಅಥವಾ ಒಂದು ಸರೋವರ.

ಕಾನೂನಿನ ಕಣ್ಣಿನಲ್ಲಿ ಕೆರೆಯೂ ಕಾಡೂ ಬಹುಕಾಲದಿಂದ ಸ್ವತ್ತುಗಳೇ. ಅವು ಯಾರದೋ ಒಡೆತನಕ್ಕೆ ಸೇರಿರುತ್ತವೆ. ಹಾಳಾದರೆ ನಷ್ಟವಾದದ್ದು ಒಡೆಯನಿಗೆ ಅಥವಾ ಅದನ್ನು ಬಳಸುವವರಿಗೆ ಎಂದು ಲೆಕ್ಕ. ಪರಿಸರ ಸಂರಕ್ಷಣಾ ಕಾಯ್ದೆಗಳು ಸಹ ಬಹುಮಟ್ಟಿಗೆ ಎಷ್ಟು ಕೊಳೆಯನ್ನು ಬಿಡಬಹುದು ಎಂಬ ಮಿತಿಯನ್ನು ಹೇಳುತ್ತವೆಯೇ ಹೊರತು, ಕೊಳೆಯನ್ನು ಪಡೆಯುವ ನೀರಿಗೆ ಈ ವಿಷಯದಲ್ಲಿ ಮಾತಾಡುವ ಅಧಿಕಾರವನ್ನು ಕೊಡುವುದಿಲ್ಲ. ಅಮೆರಿಕದ ಕಾನೂನು ಪ್ರಾಧ್ಯಾಪಕ ಕ್ರಿಸ್ಟೋಫರ್ ಸ್ಟೋನ್ 1972ರಲ್ಲಿ, ಮರಗಳು ತಮ್ಮದೇ ಹೆಸರಿನಲ್ಲಿ ನ್ಯಾಯಾಲಯದ ಮುಂದೆ ಬರಬಹುದೇ ಎಂದು ಕೇಳಿದಾಗ ಅನೇಕರಿಗೆ ಅದು ವಿಚಿತ್ರವಾಗಿ ತೋರಿತು. ಆದರೆ ಭಾರತದ ನ್ಯಾಯಾಲಯಗಳು ದೇವಸ್ಥಾನದ ಮೂರ್ತಿಯನ್ನು ಕಾನೂನಿನ ದೃಷ್ಟಿಯ ‘ವ್ಯಕ್ತಿ’ ಎಂದು ಆ ವೇಳೆಗಾಗಲೇ ಒಪ್ಪಿದ್ದವು. ದೇವರ ಹೆಸರಿನಲ್ಲಿ ಜಮೀನಿರುವುದನ್ನು, ದೇವರ ಪರವಾಗಿ ಇನ್ನೊಬ್ಬರು ದಾವೆ ಹೂಡುವುದನ್ನು ಬಲ್ಲ ನಮಗೆ, ತಾನು ಮಾತಾಡಲಾರದ ಒಂದಕ್ಕೆ ಹಕ್ಕು ಇರುವುದೆಂಬ ಕಲ್ಪನೆ ಹೊಸದೇನಲ್ಲ. ವ್ಯಕ್ತಿ ಎಂದರೆ ಇಲ್ಲಿ ಜೀವವಿರುವ ಮನುಷ್ಯ ಎಂದರ್ಥವಲ್ಲ. ಹಕ್ಕನ್ನು ಹೊಂದಲು, ಪ್ರತಿನಿಧಿಯ ಮೂಲಕ ಅದನ್ನು ಕೇಳಲು ಅರ್ಹವಾದದ್ದು ಎಂದಷ್ಟೇ.

ಈಕ್ವೆಡಾರ್ ದೇಶ 2008ರಲ್ಲಿ ನಿಸರ್ಗದ ಹಕ್ಕನ್ನು ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡಿತು. ನ್ಯೂಜಿಲೆಂಡಿನ ವಾಂಗನುಯಿ ನದಿಗೆ 2017ರಲ್ಲಿ ಕಾನೂನಿನ ವ್ಯಕ್ತಿಯ ಸ್ಥಾನ ದೊರೆತದ್ದು ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರು ಒಂದು ಶತಮಾನಕ್ಕೂ ಮಿಕ್ಕು ನಡೆಸಿದ ಹೋರಾಟದ ಫಲವಾಗಿ. ಸಾಮಾನ್ಯ ನಾಗರಿಕರು ಸಹಿ ಸಂಗ್ರಹಿಸಿ, ತಾವೇ ಮಸೂದೆಯನ್ನು ಸಂಸತ್ತಿನ ಬಾಗಿಲಿಗೆ ಒಯ್ದು ಗೆದ್ದ ಉದಾಹರಣೆಗೆ ಸ್ಪೇನಿನತ್ತ ನೋಡಬೇಕು.

ಸ್ಪೇನಿನ ಆಗ್ನೇಯ ಕರಾವಳಿಯ ಮುರ್ಸಿಯಾ ಪ್ರಾಂತದಲ್ಲಿ ಮಾರ್ ಮೆನೊರ್ ಎಂಬ ಉಪ್ಪುನೀರಿನ ಸರೋವರವಿದೆ. ಹೆಸರಿನ ಅರ್ಥ ‘ಕಿರುಗಡಲು’. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಈ ನೀರನ್ನು, 20 ಕಿಲೋಮೀಟರಿಗೂ ಉದ್ದವಾದ ಒಂದು ಕಿರಿದಾದ ಮರಳುದಿಬ್ಬ ಮೆಡಿಟರೇನಿಯನ್ ಸಮುದ್ರದಿಂದ ಬೇರ್ಪಡಿಸಿದೆ. ಒಂದು ಕಾಲಕ್ಕೆ ತಳ ಕಾಣುವಷ್ಟು ತಿಳಿಯಾಗಿದ್ದ ಈ ನೀರಿನಲ್ಲಿ ಕಡಲಕುದುರೆಗಳಿದ್ದವು. 1979ರಲ್ಲಿ ತಾಹೊ ನದಿಯ ನೀರನ್ನು ಕಾಲುವೆಯ ಮೂಲಕ ಈ ಒಣ ಪ್ರದೇಶಕ್ಕೆ ಹರಿಸಿದ ಮೇಲೆ ಸರೋವರದ ಹಿಂದಿನ ಬಯಲೆಲ್ಲ ತರಕಾರಿ, ಹಣ್ಣುಗಳ ತೀವ್ರ ಬೇಸಾಯಕ್ಕೆ ತೆರೆದುಕೊಂಡಿತು. ಹೊಲಕ್ಕೆ ಸುರಿದ ಗೊಬ್ಬರದ ನೈಟ್ರೇಟ್ ಅಂತರ್ಜಲದ ಮೂಲಕ, ಮಳೆಹಳ್ಳಗಳ ಮೂಲಕ ಸರೋವರವನ್ನು ಸೇರುತ್ತ ಹೋಯಿತು. 2016ರಲ್ಲಿ ಪಾಚಿ ಹಬ್ಬಿ ನೀರು ಹಸಿರು ಗಂಜಿಯಂತಾಯಿತು. ಬೆಳಕು ತಲುಪದೆ ತಳದ ಕಡಲಹುಲ್ಲಿನ ಬಹುಪಾಲು ಸತ್ತಿತು. 2019ರ ಅಕ್ಟೋಬರಿನಲ್ಲಿ ಆಮ್ಲಜನಕ ಸಿಗದ ಮೀನು, ಸಿಗಡಿ, ಹಾವುಮೀನುಗಳು ದಡಕ್ಕೆ ನುಗ್ಗಿ ಬಂದು, ಜನರ ಕಣ್ಣೆದುರಿಗೇ ಒದ್ದಾಡಿ ಸತ್ತವು. ಈ ಸರೋವರಕ್ಕೆ ಕಾನೂನಿನ ರಕ್ಷಣೆ ಇರಲಿಲ್ಲವೆಂದಲ್ಲ; 1994ರಿಂದಲೇ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣಗಳ ರಾಮ್ಸಾರ್ ಪಟ್ಟಿಯಲ್ಲಿತ್ತು. ರಕ್ಷಿತ ತಾಣವೆಂಬ ಹಣೆಪಟ್ಟಿ ಇದ್ದೂ ಅದು ಕೊಳೆಯಿತು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಮುರ್ಸಿಯಾ ವಿಶ್ವವಿದ್ಯಾಲಯದಲ್ಲಿ ನ್ಯಾಯತತ್ತ್ವ ಕಲಿಸುವ ಪ್ರಾಧ್ಯಾಪಕಿ ತೆರೇಸಾ ವಿಸೆಂತೆ, ಸರೋವರಕ್ಕೆ ವ್ಯಕ್ತಿಯ ಸ್ಥಾನ ಕೊಡಬೇಕೆಂಬ ಬೇಡಿಕೆಯನ್ನು ಮುಂದಿಟ್ಟರು. ಸ್ಪೇನಿನ ಸಂವಿಧಾನದ 87ನೆಯ ವಿಧಿಯಂತೆ 5 ಲಕ್ಷ ನಾಗರಿಕರು ಸಹಿ ಹಾಕಿದರೆ ಮಸೂದೆಯೊಂದನ್ನು ಸಂಸತ್ತು ಚರ್ಚೆಗೆ ಎತ್ತಿಕೊಳ್ಳಬೇಕು. ಕೋವಿಡ್ ಕಾಲದ ನಿರ್ಬಂಧಗಳ ನಡುವೆಯೇ ಸ್ವಯಂಸೇವಕರು 6,39,826 ಸಹಿಗಳನ್ನು ಕೂಡಿಸಿದರು. 2021ರ ಆಗಸ್ಟಿನಲ್ಲಿ ಮೀನುಗಳು ಮತ್ತೆ ರಾಶಿರಾಶಿಯಾಗಿ ಸತ್ತಾಗ ಸಾವಿರಾರು ಜನ ಕೈಕೈ ಹಿಡಿದು ಸರೋವರದ ಸುತ್ತ ನಿಂತರು. ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಪಡೆದು, 2022ರ ಸೆಪ್ಟೆಂಬರ್ 30ರಂದು 19/2022ನೆಯ ಕಾನೂನು ಹೊರಬಂತು. ಯುರೋಪಿನಲ್ಲಿ ಈ ಸ್ಥಾನವನ್ನು ಪಡೆದ ಮೊದಲ ಜೀವಪರಿಸರ ಮಾರ್ ಮೆನೊರ್.

ಈ ಕಾನೂನು ಚಿಕ್ಕದು. ಸರೋವರಕ್ಕೂ ಅದರ ಜಲಾನಯನ ಪ್ರದೇಶಕ್ಕೂ ಇರುವ, ಸಹಜವಾಗಿ ಬೆಳೆಯುವ, ರಕ್ಷಣೆ ಪಡೆಯುವ, ಹಾಳಾದುದನ್ನು ಸರಿಪಡಿಸಿಕೊಳ್ಳುವ ಹಕ್ಕುಗಳನ್ನು ಅದು ಸಾರುತ್ತದೆ. ಜಲಾನಯನ ಪ್ರದೇಶವನ್ನು ಸೇರಿಸಿದ್ದು ಬಹು ಮುಖ್ಯ, ಏಕೆಂದರೆ ಕೊಳೆ ಹುಟ್ಟುವುದು ನೀರಿನಲ್ಲಲ್ಲ, ಹಿಂದಿನ ಬಯಲಿನಲ್ಲಿ. ಸರ್ಕಾರದ ಹಾಗೂ ನಾಗರಿಕರ ಪ್ರತಿನಿಧಿಗಳ ಸಮಿತಿ, ಮೇಲ್ವಿಚಾರಣೆಯ ಆಯೋಗ, ವಿಜ್ಞಾನಿಗಳ ಸಮಿತಿ ಎಂಬ ಮೂರು ಅಂಗಗಳು ಅದರ ಪಾಲಕರು. ಕಾನೂನಿನ ಜೀವಾಳವಿರುವುದು 6ನೆಯ ವಿಧಿಯಲ್ಲಿ ಎಂದು ನನ್ನ ಅಭಿಪ್ರಾಯ. ಯಾರು ಬೇಕಾದರೂ ಸರೋವರದ ಹೆಸರಿನಲ್ಲಿ ನ್ಯಾಯಾಲಯಕ್ಕೆ ಹೋಗಬಹುದು. ಗೆದ್ದರೆ ವಕೀಲರ ಶುಲ್ಕವೂ ಸೇರಿ ದಾವೆಯ ಖರ್ಚು ಅವರಿಗೆ ಮರಳಿ ಬರುತ್ತದೆ. ತನಗೇನು ನಷ್ಟವಾಯಿತೆಂದು ದಾವೆದಾರ ತೋರಿಸಬೇಕಿಲ್ಲ, ಸರೋವರಕ್ಕಾದ ನಷ್ಟವನ್ನು ತೋರಿಸಿದರೆ ಸಾಕು. ಈ ಕಾನೂನನ್ನು ಪ್ರಶ್ನಿಸಿ ಅಲ್ಲಿನ ಬಲಪಂಥೀಯ ವೋಕ್ಸ್ ಪಕ್ಷ ಸಲ್ಲಿಸಿದ್ದ ಅರ್ಜಿಯನ್ನು ಸ್ಪೇನಿನ ಸಂವಿಧಾನ ನ್ಯಾಯಾಲಯ 2024ರ ನವೆಂಬರಿನಲ್ಲಿ ಬಹುಮತದಿಂದ ತಳ್ಳಿಹಾಕಿತು.

ಜನಬೆಂಬಲವೊಂದೇ ಸಾಲದೆಂಬುದಕ್ಕೆ ಅಮೆರಿಕದ ಟೊಲೀಡೊ ನಗರ ಸಾಕ್ಷಿ. ಪಾಚಿಯ ವಿಷದಿಂದ 2014ರಲ್ಲಿ ಕುಡಿಯುವ ನೀರನ್ನು ಕಳೆದುಕೊಂಡಿದ್ದ ಆ ನಗರದ ಜನ, 2019ರಲ್ಲಿ ಮತ ಹಾಕಿ, ಆ ನೀರಿನ ಮೂಲವಾದ ಈರಿ ಸರೋವರಕ್ಕೆ ಹಕ್ಕು ನೀಡಿದರು. ಮರುವರ್ಷವೇ ನ್ಯಾಯಾಲಯ ಅದನ್ನು ರದ್ದುಮಾಡಿತು: ಬರೆದ ಮಾತು ಅಸ್ಪಷ್ಟವಾಗಿದೆ, ನಗರದ ಅಧಿಕಾರವನ್ನು ಮೀರಿದೆ ಎಂದು. ನಮ್ಮಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. 2017ರ ಮಾರ್ಚಿನಲ್ಲಿ ಉತ್ತರಾಖಂಡದ ಹೈಕೋರ್ಟು, ದೇವರ ಮೂರ್ತಿಯ ಪೂರ್ವನಿದರ್ಶನವನ್ನೇ ಆಧರಿಸಿ ಗಂಗಾ–ಯಮುನೆಯರನ್ನು ಕಾನೂನಿನ ವ್ಯಕ್ತಿಗಳೆಂದು ಸಾರಿ, ಸರ್ಕಾರದ ಅಧಿಕಾರಿಗಳನ್ನೇ ಅವುಗಳ ಪಾಲಕರನ್ನಾಗಿ ನೇಮಿಸಿತು. ನದಿ ಹಲವು ರಾಜ್ಯಗಳಲ್ಲಿ ಹರಿಯುತ್ತದೆ, ಪ್ರವಾಹದಿಂದಾದ ನಷ್ಟಕ್ಕೆ ಹೊಣೆ ಯಾರು ಎಂದು ಕೇಳುತ್ತ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಜುಲೈನಲ್ಲಿ ತಡೆಯಾಜ್ಞೆ ಬಂತು. ಟೊಲೀಡೊದಲ್ಲಿ ಜನರಿದ್ದರು, ಗಟ್ಟಿಯಾದ ಕಾನೂನಿರಲಿಲ್ಲ. ಇಲ್ಲಿ ತೀರ್ಪಿತ್ತು, ಅದರ ಹಿಂದೆ ನಿಂತ ಪಾಲಕರಿರಲಿಲ್ಲ.

ಭಾರತದ ಸಂವಿಧಾನದ 51ಎ(ಜಿ) ವಿಧಿ ಕಾಡು, ಕೆರೆ, ನದಿಗಳನ್ನು ಕಾಪಾಡುವುದು ಪ್ರತಿ ನಾಗರಿಕನ ಕರ್ತವ್ಯ ಎನ್ನುತ್ತದೆ. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೂಲಕ ಯಾರಾದರೂ ಕೆರೆಯ ಪರವಾಗಿ ನ್ಯಾಯಾಲಯಕ್ಕೆ ಹೋಗಬಹುದಾದರೂ, ಅಲ್ಲಿ ಅರ್ಜಿದಾರ ಮನುಷ್ಯನೇ, ಕೆರೆಯಲ್ಲ. ಸಹಿ ಸಂಗ್ರಹಿಸಿ ನೇರವಾಗಿ ಸಂಸತ್ತಿಗೆ ಮಸೂದೆ ಒಯ್ಯುವ ದಾರಿಯೂ ನಮ್ಮ ಸಂವಿಧಾನದಲ್ಲಿಲ್ಲ. ಅದನ್ನು ಶಾಸಕರೋ ಸಂಸದರೋ ಮಂಡಿಸಬೇಕು. ಹಾಗಾಗಿ ನಿಸರ್ಗದ ಹಕ್ಕಿಗಾಗಿ ಇಲ್ಲಿ ಅಭಿಯಾನ ಕೈಗೊಳ್ಳುವವರು ಜನರ ಸಹಿಯ ಜೊತೆಗೆ, ಮಸೂದೆಯನ್ನು ಸದನದಲ್ಲಿ ಮಂಡಿಸಲು ಒಪ್ಪುವ ಒಬ್ಬ ಸದಸ್ಯರನ್ನಾದರೂ ಹುಡುಕಿಕೊಳ್ಳಬೇಕಾಗುತ್ತದೆ.