ಓದುಗರ ಪ್ರಶ್ನೆ: ಆ ರಾಜನ ಕೈಯಲ್ಲಿರುವುದು ಗಣಪತಿಯ ಇಲಿಯೇ?

ಬೈಲಕುಪ್ಪೆಗೆ ಹೋಗಿ ಬಂದವರು ವರ್ಷವಿಡೀ ಕೇಳುವ ಪ್ರಶ್ನೆ ಇದು: ಬೌದ್ಧ ಮಠದ ಬಾಗಿಲ ಪಕ್ಕದ ಚಿತ್ರದಲ್ಲಿ ಹಳದಿ ಮೈಬಣ್ಣದ ರಾಜ ಎಡಗೈಯಲ್ಲಿ ಇಲಿ ಹಿಡಿದಿದ್ದಾನಲ್ಲ, ಅವನು ಬೌದ್ಧರ ಗಣಪತಿಯೇ? ಎಷ್ಟು ಸಲ ಉತ್ತರಿಸಿದರೂ ಈ ನಂಬಿಕೆ ಅಳಿಯುತ್ತಿಲ್ಲವಾದ್ದರಿಂದ ಈ ಸಲ ಬಿಡಿಸಿಯೇ ಬರೆಯುತ್ತೇನೆ.

ಅದು ಇಲಿಯಲ್ಲ, ಮುಂಗುಸಿ. ಮಂಡ್ಯದ ಕಡೆ ಕಬ್ಬಿನ ಗದ್ದೆಯ ಬದುವಿನಲ್ಲಿ ಮುಂಗುಸಿ ಓಡುವುದನ್ನು ಕಂಡವರು ಚಿತ್ರದ ಪ್ರಾಣಿಯ ಬಾಲವನ್ನೊಮ್ಮೆ ಗಮನಿಸಬೇಕು. ಇಲಿಯ ಬಾಲ ದಾರದಂತೆ ಸಣ್ಣದು, ಇದರದು ಬುಡದಲ್ಲಿ ದಪ್ಪಗಿದ್ದು ರೋಮ ತುಂಬಿದ್ದು. ಇಲಿಯ ಕಿವಿ ಎದ್ದು ಕಾಣುತ್ತದೆ, ಇದರದು ತಲೆಗೆ ಅಂಟಿಕೊಂಡಿರುತ್ತದೆ. ಗಣಪತಿಯ ಇಲಿ ಅವನ ವಾಹನವಾದ್ದರಿಂದ ಪಾದದ ಬಳಿ ಇರುತ್ತದೆ. ಈ ಮುಂಗುಸಿ ರಾಜನ ತೋಳಿನಲ್ಲಿ ಕುಳಿತು ಬಾಯಿಂದ ರತ್ನಗಳನ್ನು ಉಗುಳುತ್ತಿರುತ್ತದೆ. ಟಿಬೆಟನ್ ಬೌದ್ಧರಲ್ಲಿ ಗಣಪತಿ ಇಲ್ಲವೆಂದಲ್ಲ. ಇದ್ದಾನೆ, ಆದರೆ ಆನೆಯ ಮುಖದೊಂದಿಗೇ ಇದ್ದಾನೆ.

ಈ ರಾಜ ನಾಲ್ವರು ದಿಕ್ಪಾಲಕರಲ್ಲಿ ಉತ್ತರದವನಾದ ವೈಶ್ರವಣ, ಅಂದರೆ ನಮ್ಮ ಕುಬೇರನೇ. ನೆಲದಡಿಯ ನಿಧಿಯನ್ನು ಕಾಯುವವರು ನಾಗಗಳು, ನಾಗಗಳನ್ನು ಗೆಲ್ಲುವುದು ಮುಂಗುಸಿ. ಹಾಗಾಗಿ ನಿಧಿಯ ಒಡೆಯನ ಕೈಯಲ್ಲಿ ಅದಕ್ಕಿಂತ ಸಲ್ಲುವ ಪ್ರಾಣಿ ಬೇರೊಂದಿಲ್ಲ. ಹಿಂದೆ ಮುಂಗುಸಿಯ ಚರ್ಮದಿಂದ ಹಣದ ಚೀಲ ಮಾಡುತ್ತಿದ್ದರು, ಆ ಚೀಲವನ್ನು ಹಿಂಡಿ ನಾಣ್ಯ ಸುರಿಸುವ ದೃಶ್ಯವೇ ಮುಂದೆ ರತ್ನ ಉಗುಳುವ ಮುಂಗುಸಿಯಾಯಿತು ಎಂಬ ವಿವರಣೆಯನ್ನೂ ವಿದ್ವಾಂಸರು ಕೊಡುತ್ತಾರೆ. ಸಂಸ್ಕೃತದಲ್ಲಿ ನಕುಲವೆಂದರೆ ಮುಂಗುಸಿ. ಪಾಂಡವರ ಕಥೆ ಬಲ್ಲವರಿಗೆ ಈ ಹೆಸರು ಹೊಸದಲ್ಲ. ಭಾರತದ ಹಳೆಯ ಕುಬೇರನ ಶಿಲ್ಪಗಳಲ್ಲೂ ಕೈಯಲ್ಲಿ ಇದೇ ಚೀಲ ಅಥವಾ ಇದೇ ಪ್ರಾಣಿ ಇರುತ್ತದೆ. ಇಷ್ಟು ಹತ್ತಿರದ ನಂಟನ್ನು ಬಿಟ್ಟು ಇಲ್ಲದ ಇಲಿಯನ್ನು ಹುಡುಕುವುದು ಬೇಡ.

ಯಾರೂ ಕೇಳದಿದ್ದರೂ ಹಂದಿಯ ಬಗ್ಗೆ ಹೇಳಲೇಬೇಕು. ಇಂಥ ಬಾಗಿಲ ಬಳಿಯೇ ಯಮನು ಹಿಡಿದಿರುವ ಭವಚಕ್ರವನ್ನೂ, ಅಂದರೆ ಹುಟ್ಟುಸಾವುಗಳ ಸುತ್ತನ್ನು ತೋರಿಸುವ ಚಕ್ರವನ್ನೂ, ಬಿಡಿಸುವುದು ರೂಢಿ. ಅದರ ನಟ್ಟನಡುವೆ ಹಂದಿ, ಹುಂಜ, ಹಾವು ಒಂದರ ಬಾಲವನ್ನೊಂದು ಕಚ್ಚಿಕೊಂಡು ಸುತ್ತುತ್ತಿರುತ್ತವೆ. ಹಂದಿಯೆಂದರೆ ಮೋಹ, ಅಂದರೆ ಇಲ್ಲಿ ಅಜ್ಞಾನ. ಹುಂಜವೆಂದರೆ ರಾಗ, ಅಂದರೆ ಆಸೆ. ಹಾವೆಂದರೆ ದ್ವೇಷ. ಕೆಲವು ಚಿತ್ರಗಳಲ್ಲಿ ಹುಂಜವೂ ಹಾವೂ ಹಂದಿಯ ಬಾಯಿಂದಲೇ ಹೊರಬರುತ್ತವೆ, ಏಕೆಂದರೆ ರಾಗದ್ವೇಷಗಳೆರಡಕ್ಕೂ ಅಜ್ಞಾನವೇ ಬೇರು. ಆದರೆ ಪಶ್ಚಿಮದ ದಿಕ್ಪಾಲಕನಾದ ಕೆಂಪು ಮೈಯ ವಿರೂಪಾಕ್ಷನ ಕೈಯಲ್ಲಿರುವ ಹಾವಿಗೆ ಈ ಅರ್ಥ ಹಚ್ಚಬಾರದು. ಅವನು ನಾಗಗಳ ಒಡೆಯ, ಆ ಹಾವು ಅವನ ಪ್ರಜೆ.