ಚೀನೀ ಭಾಷೆಯ ‘ತಾ’: ಒಂದು ಕ್ರಿಯಾಪದದ ಪರಿಚಯ

ಮ್ಯಾಂಡರಿನ್ ಚೀನೀಯ ‘ತಾ’ ಎಂಬ ಕ್ರಿಯಾಪದದ ಮೂಲಾರ್ಥ ಹೊಡೆಯುವುದು. ರೋಮನ್ ಲಿಪಿಯಲ್ಲಿ ಇದನ್ನು ‘ಡಿ’, ‘ಎ’ ಅಕ್ಷರಗಳಿಂದ ಬರೆದರೂ ಉಚ್ಚಾರವು ನಮ್ಮ ಅಲ್ಪಪ್ರಾಣ ತಕಾರಕ್ಕೆ ಹತ್ತಿರವಾಗಿದೆ. ದನಿಯನ್ನು ತಗ್ಗಿಸಿ ಮತ್ತೆ ಏರಿಸುವ ಮೂರನೆಯ ಸ್ವರದಲ್ಲಿ ಅದನ್ನು ನುಡಿಯಬೇಕು. ಅಕ್ಷರದ ಎಡಭಾಗದಲ್ಲಿ ಕೈಯನ್ನು ಸೂಚಿಸುವ ಗುರುತಿದೆ. ಇಂದಿನ ಬಳಕೆಗಳನ್ನು ಗ್ರಹಿಸಲು ಹೊಡೆತಕ್ಕಿಂತ ಈ ಕೈಯೇ ಹೆಚ್ಚು ನೆರವಾಗುತ್ತದೆ ಎಂದು ನನಗೆ ತೋರುತ್ತದೆ.

ಏಕೆಂದರೆ ‘ತಾ’ ಪದದ ಅರ್ಥವನ್ನು ಅದರ ಮುಂದೆ ಬರುವ ಕರ್ಮಪದವೇ ನಿರ್ಧರಿಸುತ್ತದೆ. ಕರ್ಮವು ಮೀನಾದರೆ ಹಿಡಿಯುವುದು, ನೀರಾದರೆ ಸೇದುವುದು ಅಥವಾ ತುಂಬಿಸಿಕೊಳ್ಳುವುದು, ಕೊಡೆಯಾದರೆ ಬಿಚ್ಚಿ ಹಿಡಿಯುವುದು, ಉಣ್ಣೆಯ ಸ್ವೆಟರ್ ಆದರೆ ಹೆಣೆಯುವುದು, ಫೋನ್ ಆದರೆ ಕರೆ ಮಾಡುವುದು. ಸೊಂಗ್ ರಾಜವಂಶದ ಕಾಲದ ವಿದ್ವಾಂಸ ಓಯಾಂಗ್ ಶ್ಯೂ (1007–1072) ಇಂತಹ ಹಲವು ಪ್ರಯೋಗಗಳನ್ನು ಪಟ್ಟಿ ಮಾಡಿ, ದೊಡ್ಡವರು ಸಣ್ಣವರೆನ್ನದೆ ಲೋಕವೆಲ್ಲ ಒಂದೇ ತಪ್ಪನ್ನು ಮಾಡುತ್ತಿದೆ ಎಂದು ಆಕ್ಷೇಪಿಸಿದ್ದರು. ಅವರ ಪಟ್ಟಿಯಲ್ಲಿ ‘ತಾ ಛ’ ಎಂದರೆ ಬಂಡಿ ತಯಾರಿಸುವುದು; ಇಂದು ಅದೇ ಜೋಡಿಗೆ ಟ್ಯಾಕ್ಸಿ ಹಿಡಿಯುವುದು ಎಂದರ್ಥ. ಆಕ್ಷೇಪ ಫಲಿಸಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಕನ್ನಡಿಗರಿಗೆ ಇದರಲ್ಲಿ ಅಚ್ಚರಿಪಡುವಂಥದ್ದು ಕಡಿಮೆ. ನಾವೂ ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ. ಗೊರಕೆಗೆ ಚೀನೀಯರೂ ‘ತಾ’ ಎಂದೇ ಹೇಳುತ್ತಾರೆ. ಆದರೆ ಈ ಹೋಲಿಕೆಯನ್ನು ನಂಬಿ ಪದಕ್ಕೆ ಪದ ಇಟ್ಟರೆ ಮೋಸಹೋಗುವುದು ಖಚಿತ: ನಮ್ಮಲ್ಲಿ ಗಾಡಿ ಹೊಡೆಯುವವನು ಅದನ್ನು ನಡೆಸುವವನು, ಅಲ್ಲಿಯ ‘ತಾ ಛ’ ಮಾಡುವವನು ಹಿಂದಿನ ಸೀಟಿನಲ್ಲಿ ಕೂರುವ ಪ್ರಯಾಣಿಕ.

ಅಂಗಡಿಯಲ್ಲಿ ಇನ್ನೊಂದು ತೊಡಕಿದೆ. ‘ತಾ ಪಾ ಚ’ ಎಂಬಲ್ಲಿ ‘ಪಾ’ ಎಂದರೆ ಎಂಟು. ಹೊಸಬರು ಅದನ್ನು ಶೇ. 8ರ ಅಥವಾ ಶೇ. 80ರ ರಿಯಾಯಿತಿ ಎಂದು ತಿಳಿಯಬಹುದು. ವಾಸ್ತವವಾಗಿ ಅಲ್ಲಿ ಹೇಳುವುದು ಉಳಿಯುವ ಬೆಲೆಯನ್ನು, ಅಂದರೆ 100 ಯುವಾನಿನ ವಸ್ತುವಿಗೆ 80 ಯುವಾನ್ ಕೊಡಬೇಕು.

‘ತಾಥಿಂಗ್’ (ವಿಚಾರಿಸು), ‘ತಾಸ್ವಾನ್’ (ಉದ್ದೇಶಿಸು) ಮುಂತಾದ ಜೋಡಿಪದಗಳಲ್ಲಿ ಹೊಡೆತವೂ ಇಲ್ಲ, ಕೈಯೂ ಇಲ್ಲ. ಅವನ್ನು ಇಡಿಯಾಗಿಯೇ ಕಲಿಯಬೇಕು. ಇದೇ ಅಕ್ಷರವನ್ನು ಏರುದನಿಯ ಎರಡನೆಯ ಸ್ವರದಲ್ಲಿ ಓದಿದರೆ ಹನ್ನೆರಡರ ಗುಂಪು ಎಂಬ ಅರ್ಥ ಬರುತ್ತದೆ. ಅದು ಇಂಗ್ಲಿಷಿನ ‘ಡಜನ್’ ಪದದ ಸದ್ದನ್ನು ಹಿಡಿಯಲು ಎರವಲು ಪಡೆದ ಓದು, ಕ್ರಿಯಾಪದಕ್ಕೂ ಅದಕ್ಕೂ ನಂಟಿಲ್ಲ.