ಇಂಡಕ್ಷನ್ ಒಲೆಗೆ ಗೊತ್ತಾಗುವುದು ಗಾಜಿನ ಬಿಸಿ ಮಾತ್ರ

ಇಂಡಕ್ಷನ್ ಒಲೆಯಲ್ಲಿ ಉರಿ ಇಲ್ಲ, ಅನಿಲ ಸೋರುವ ಭಯವಿಲ್ಲ, ಪಾತ್ರೆ ಎತ್ತಿದರೆ ಬಿಸಿ ಮಾಡುವುದನ್ನು ತಾನೇ ನಿಲ್ಲಿಸುತ್ತದೆ. ಎಲ್ಲವೂ ನಿಜ. ಆದರೆ ಇಷ್ಟನ್ನೇ ನಂಬಿ ಎಣ್ಣೆ ಕಾಯಲು ಇಟ್ಟು ಬೇರೆ ಕೆಲಸಕ್ಕೆ ಹೋಗುವವರು, ಖಾಲಿ ಬಾಣಲೆಯನ್ನು ಪೂರ್ತಿ ಪವರ್‌ನಲ್ಲಿ ಕಾಯಿಸುವವರು ಒಂದು ಸಂಗತಿಯನ್ನು ಗಮನಿಸಿರುವುದಿಲ್ಲ. ಪಾತ್ರೆಯೊಳಗೆ ಏನಿದೆ, ಅದು ಎಷ್ಟು ಕಾದಿದೆ ಎಂಬುದು ಸಾಮಾನ್ಯ ಇಂಡಕ್ಷನ್ ಒಲೆಗೆ ನೇರವಾಗಿ ತಿಳಿಯುವುದಿಲ್ಲ. ಅದು ಅಳೆಯುವುದು ಪಾತ್ರೆಯ ಕೆಳಗಿರುವ ಗಾಜಿನ ಬಿಸಿಯನ್ನು. ಸುರಕ್ಷತೆಯ ಮಾತು ಇಲ್ಲಿಂದಲೇ ಶುರುವಾಗಬೇಕು.

ಒಲೆಯ ಮೇಲ್ಭಾಗದಲ್ಲಿರುವುದು ಸುಮಾರು 4 ಮಿಲಿಮೀಟರ್ ದಪ್ಪದ ಸೆರಾಮಿಕ್ ಗಾಜು. ಅದರಡಿಯಲ್ಲಿ ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿದ ತಾಮ್ರದ ಕಾಯಿಲ್. ಇದರಲ್ಲಿ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ. ಹೀಗೆ ಹುಟ್ಟುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ಸುಳಿಸುಳಿಯಾಗಿ ವಿದ್ಯುತ್ ಪ್ರವಾಹ ಎಬ್ಬಿಸುತ್ತದೆ. ಕಬ್ಬಿಣದಲ್ಲಿ ಅಥವಾ ಅಯಸ್ಕಾಂತ ಹಿಡಿಯುವ ಸ್ಟೀಲಿನಲ್ಲಿ ಈ ಪ್ರವಾಹ ತಳದ ಹೊರಮೈಯ ಸುಮಾರು 0.1 ಮಿಲಿಮೀಟರ್ ಪದರದಲ್ಲೇ ಇಕ್ಕಟ್ಟಾಗಿ ಹರಿಯಬೇಕು. ಅಷ್ಟು ತೆಳು ಪದರದ ಪ್ರತಿರೋಧ ಹೆಚ್ಚು, ಹಾಗಾಗಿ ಬಿಸಿ ಅಲ್ಲೇ ಹುಟ್ಟುತ್ತದೆ. ಬರೀ ಅಲ್ಯುಮಿನಿಯಂ ಅಥವಾ ತಾಮ್ರದ ಪಾತ್ರೆಯಲ್ಲಿ ಪ್ರವಾಹ ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಪ್ರತಿರೋಧವೂ ಕಡಿಮೆ. ಸಾಮಾನ್ಯ ಒಲೆ ಅಂಥ ಪಾತ್ರೆಯನ್ನು ಒಪ್ಪದಿರುವುದು ಇದಕ್ಕೇ.

ಕಾಯಿಲ್‌ನ ನಡುವಿನ ತೂತಿನಲ್ಲಿ ಬಿಸಿ ಅಳೆಯುವ ಒಂದು ಸಣ್ಣ ಥರ್ಮಿಸ್ಟರ್ ಗಾಜಿನ ಅಡಿಮೈಗೆ ಒತ್ತಿಕೊಂಡು ಕೂತಿರುತ್ತದೆ. ಒಲೆಯ ಮುಖ್ಯ ಸೆನ್ಸರ್ ಅದೇ. ಪಾತ್ರೆಯ ಬಿಸಿ ಗಾಜನ್ನು ದಾಟಿ ಬಂದ ಮೇಲಷ್ಟೇ ಅದಕ್ಕೆ ಸುದ್ದಿ ಮುಟ್ಟುವುದು, ಗಾಜೋ ಬಿಸಿಯನ್ನು ನಿಧಾನವಾಗಿ ದಾಟಿಸುವ ವಸ್ತು. ಇನ್ನೂ ಒಂದು ತೊಡಕಿದೆ. ಕಾಯಿಲ್ ಬಳೆಯಾಕಾರದ್ದು, ಆದ್ದರಿಂದ ಪಾತ್ರೆ ಅತಿ ಹೆಚ್ಚು ಕಾಯುವುದು ನಡುವಿನಲ್ಲಲ್ಲ, ನಡುವಿಗೂ ಅಂಚಿಗೂ ಮಧ್ಯದ ಉಂಗುರದಲ್ಲಿ. ತೆಳು ತಳದ ಪಾತ್ರೆಯಲ್ಲಿ ಅಡುಗೆ ದುಂಡಗೆ ಗೆರೆ ಎಳೆದಂತೆ ಹತ್ತುವುದಕ್ಕೆ ಕಾರಣ ಇದೇ. ಅಂದರೆ ಸೆನ್ಸರ್ ಕೂತಿರುವ ಜಾಗ ಕಾವು ಕಡಿಮೆ ಇರುವ ಜಾಗ, ಸಾಲದ್ದಕ್ಕೆ ಗಾಜಿನ ಹಿಂದೆ.

ಪಾತ್ರೆಯಲ್ಲಿ ನೀರಿದ್ದರೆ ಈ ತಡದಿಂದ ತೊಂದರೆಯಿಲ್ಲ. ನೀರು ಕುದಿಯುತ್ತಿರುವಷ್ಟು ಹೊತ್ತೂ ತಳ 100 ಡಿಗ್ರಿಗಿಂತ ಬಹಳ ಮೇಲೇರುವುದಿಲ್ಲ. ಖಾಲಿ ಬಾಣಲೆಯ ಲೆಕ್ಕವೇ ಬೇರೆ. 20 ಸೆಂಟಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಸ್ಟೀಲ್ ತಳದ ತೂಕ ಸುಮಾರು 750 ಗ್ರಾಂ. 2000 ವ್ಯಾಟ್ ಒಲೆಯಿಂದ ಅದಕ್ಕೆ 1700 ವ್ಯಾಟ್ ಸೇರಿತು ಎಂದಿಟ್ಟುಕೊಳ್ಳಿ. 300 ಡಿಗ್ರಿ ಏರಲು ಅದಕ್ಕೆ ಬೇಕಾಗುವುದು ಒಂದು ನಿಮಿಷದ ಆಸುಪಾಸು, ಅಷ್ಟೇ. ನಾನ್‌ಸ್ಟಿಕ್ ಲೇಪ 260 ಡಿಗ್ರಿ ದಾಟಿದರೆ ಕೆಡಲು ಶುರುವಾಗುತ್ತದೆ, ಇನ್ನೂ ಏರಿದರೆ ಅದರ ಹೊಗೆ ಶ್ವಾಸಕ್ಕೆ ಹಾನಿ. ಗಾಜಿನಡಿಯ ಸೆನ್ಸರ್ ಎಚ್ಚರಗೊಂಡು ಪವರ್ ಕಡಿತಗೊಳಿಸುವ ಹೊತ್ತಿಗೆ ಪಾತ್ರೆ ಆ ಮಟ್ಟವನ್ನು ದಾಟಿಬಿಟ್ಟಿರಬಹುದು.

ತಳಕ್ಕೆ ಸವರಿದಷ್ಟೇ ಎಣ್ಣೆ ಇದ್ದರೆ ಅದೂ ಖಾಲಿ ಬಾಣಲೆಯ ಲೆಕ್ಕಕ್ಕೇ ಬರುತ್ತದೆ. ಸಂಸ್ಕರಿಸಿದ ಅಡುಗೆ ಎಣ್ಣೆಗಳು ಹೆಚ್ಚಾಗಿ 200ರಿಂದ 230 ಡಿಗ್ರಿ ಸುಮಾರಿನಲ್ಲಿ ಹೊಗೆಯಾಡುತ್ತವೆ. ಅಲ್ಲಿಂದ ಮುಂದೆಯೂ ಕಾಯುತ್ತಲೇ ಹೋದರೆ ಕಿಡಿಯ ಅಗತ್ಯವೇ ಇಲ್ಲದೆ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಎಣ್ಣೆ ಕಾಯಿಸುವಾಗ ಬೂಸ್ಟ್ ಅಥವಾ ಗರಿಷ್ಠ ಪವರ್ ಬೇಡವೇ ಬೇಡ. ಮಧ್ಯಮದಲ್ಲಿಡಿ, ಪಕ್ಕದಲ್ಲೇ ಇರಿ. ಡಿಸ್‌ಪ್ಲೇಯಲ್ಲಿ 180 ಎಂದು ಕಂಡರೆ ಎಣ್ಣೆ 180 ಡಿಗ್ರಿಯಲ್ಲೇ ಇದೆ ಎಂದು ತಿಳಿಯಬಾರದು. ಅದು ಗಾಜಿನ ಬಿಸಿಯಿಂದ ಒಲೆ ಕಟ್ಟಿದ ಅಂದಾಜು. ಕರಿಯುವ ಮೋಡ್ ಇದ್ದರೆ ಕೈಪಿಡಿ ಹೇಳುವ ಕನಿಷ್ಠ ಪ್ರಮಾಣದ ಎಣ್ಣೆ ಹಾಕಲೇಬೇಕು, ಆ ಅಂದಾಜು ನಿಂತಿರುವುದು ಆ ಪ್ರಮಾಣದ ಮೇಲೆ. ನಿಖರ ತಾಪ ಬೇಕಾದರೆ ಅಡುಗೆಯ ಥರ್ಮಾಮೀಟರನ್ನು ಎಣ್ಣೆಗೇ ಇಳಿಸಿ ನೋಡುವುದು ಸರಿ.

ಎಣ್ಣೆಗೆ ಬೆಂಕಿ ಹತ್ತಿದರೆ ಒಲೆ ಆರಿಸಿ, ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಬಾಣಲೆ ಮುಚ್ಚಿ. ಫೈರ್ ಬ್ಲ್ಯಾಂಕೆಟ್ (ಬೆಂಕಿ ನಂದಿಸುವ ಹೊದಿಕೆ) ಇದ್ದರೆ ಅದನ್ನು ಹೊದಿಸಬಹುದು. ಒಲೆಯ ಬಟನ್ ಕೈಗೆಟುಕದಿದ್ದರೆ ಗೋಡೆಯ ಸ್ವಿಚ್ಚನ್ನೋ ಮೇನ್ ಸ್ವಿಚ್ಚನ್ನೋ ಆರಿಸಿ. ನೀರು ಮಾತ್ರ ಬೇಡ. ಒಂದು ಲೀಟರ್ ನೀರು ಆವಿಯಾದಾಗ ಸುಮಾರು 1,700 ಲೀಟರ್ ಜಾಗ ಬೇಡುತ್ತದೆ, ಉರಿಯುವ ಎಣ್ಣೆಯನ್ನು ಹೊತ್ತುಕೊಂಡೇ ಹೊರಗೆ ಸಿಡಿಯುತ್ತದೆ. ಉರಿಯುತ್ತಿರುವ ಬಾಣಲೆಯನ್ನು ಎತ್ತಿಕೊಂಡು ಹೊರಗೆ ಓಡುವುದೂ ಅಷ್ಟೇ ಅಪಾಯ. ಬೆಂಕಿ ನಂದಿದ ಮೇಲೂ ಮುಚ್ಚಳ ತೆಗೆಯಬೇಡಿ, ಪೂರ್ತಿ ತಣಿಯಲಿ. ಬೆಂಕಿ ಬಾಣಲೆಯಿಂದಾಚೆ ಹಬ್ಬಿದ್ದರೆ ಎಲ್ಲರೂ ಹೊರಗೆ ಹೋಗಿ ಅಗ್ನಿಶಾಮಕ ದಳಕ್ಕೆ ಕರೆ ಮಾಡುವುದೊಂದೇ ದಾರಿ.

ಪಾತ್ರೆ ಕೊಳ್ಳುವಾಗ ಅಯಸ್ಕಾಂತ ಹಿಡಿಯುತ್ತದೆಯೇ ಎಂದು ಬಹಳ ಜನ ನೋಡುತ್ತಾರೆ, ತಳ ಸಮತಟ್ಟಾಗಿದೆಯೇ ಎಂದು ನೋಡುವವರು ಕಡಿಮೆ. ಎರಡೂ ಬೇಕು. ತಣ್ಣಗಿರುವ ಪಾತ್ರೆಯನ್ನು ಬೋರಲು ಹಾಕಿ, ತಳದ ಮೇಲೆ ಸ್ಟೀಲ್ ಸ್ಕೇಲನ್ನು ಅಡ್ಡಲಾಗಿ ನಿಲ್ಲಿಸಿ, ಕಣ್ಣಿನ ಮಟ್ಟದಿಂದ ನೋಡಿ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ ಚಿಂತೆಯಿಲ್ಲ. ಬಿಸಿಯಾದಾಗ ಹಿಗ್ಗಿ ಸಮವಾಗಲೆಂದು ಎಷ್ಟೋ ಪಾತ್ರೆಗಳ ತಳವನ್ನು ಬೇಕೆಂದೇ ತುಸು ಒಳಗೆ ಬಾಗಿಸಿರುತ್ತಾರೆ. ಒಂದೆರಡು ಮಿಲಿಮೀಟರ್ ಸಂದು ಕಂಡರೆ ಆ ಪಾತ್ರೆ ಇಂಡಕ್ಷನ್‌ಗೆ ಬೇಡ. ಸೆನ್ಸರ್ ಇರುವುದು ಸರಿಯಾಗಿ ಆ ಸಂದಿನ ಕೆಳಗೆ. ತಳ ಸುಡುತ್ತಿದ್ದರೂ ನಡುವೆ ಗಾಳಿ ಇರುವುದರಿಂದ ಅದಕ್ಕೆ ಗಾಜು ಇನ್ನೂ ಬೆಚ್ಚಗಷ್ಟೇ ಇದೆ ಎಂದು ತೋರುತ್ತದೆ. ತಳ ಹೊರಗೆ ಉಬ್ಬಿದ್ದರೆ ಪಾತ್ರೆ ಗಾಜಿನ ಮೇಲೆ ಬುಗುರಿಯಾಡುತ್ತದೆ, ಬಿಸಿ ಸಾರೆಲ್ಲ ಚೆಲ್ಲುವುದಕ್ಕೆ ಅಷ್ಟು ಸಾಕು. ಇಂಡಕ್ಷನ್‌ಗೆ ಹೊಂದದ ಪಾತ್ರೆಗಳ ಕೆಳಗಿಡಲು ಸಿಗುವ ಕಬ್ಬಿಣದ ತಟ್ಟೆಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ತಟ್ಟೆ ತಾನೇ ವಿಪರೀತ ಕಾಯುತ್ತದೆ, ಆ ಬಿಸಿಯನ್ನು ಗಾಜಿಗೂ ಒಳಗಿನ ಕಾಯಿಲ್‌ಗೂ ಇಳಿಸುತ್ತದೆ.

ಪ್ರೆಶರ್ ಕುಕ್ಕರ್‌ಗೆ ಒಂದೇ ಎಚ್ಚರಿಕೆ: ಇಂಡಕ್ಷನ್‌ನಲ್ಲಿ ಒತ್ತಡ ಬಹಳ ಬೇಗ ಏರುತ್ತದೆ. ಮಧ್ಯಮ ಪವರ್‌ನಿಂದ ಶುರುಮಾಡಿ, ಒತ್ತಡ ಬಂದ ಕೂಡಲೇ ಇಳಿಸಿ. ನೀರಿಲ್ಲದೆ ಇಡಲೇಬಾರದು.

ಈಗ ವೈರಿಂಗ್. ವ್ಯಾಟನ್ನು ವೋಲ್ಟೇಜಿನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. 230 ವೋಲ್ಟ್ ಇರುವಲ್ಲಿ 2000 ವ್ಯಾಟ್ ಒಲೆ ಎಳೆಯುವುದು 8.7 ಆಂಪಿಯರ್, 120 ವೋಲ್ಟ್ ಇರುವಲ್ಲಿ 1800 ವ್ಯಾಟ್ ಒಲೆ ಎಳೆಯುವುದು 15 ಆಂಪಿಯರ್. ದೀಪ, ಫ್ಯಾನ್, ಚಾರ್ಜರ್‌ಗೆಂದು ಹಾಕಿದ ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಒಲೆ ಓಡಿಸುವುದು ಇಡೀ ವ್ಯವಸ್ಥೆಯಲ್ಲೇ ದೊಡ್ಡ ತಪ್ಪು. ಸಡಿಲ ಪಿನ್ನಿನ ಜಾಗದಲ್ಲಿ ಬರೀ ಅರ್ಧ ಓಮ್ ಪ್ರತಿರೋಧ ಹುಟ್ಟಿದರೂ 8.7 ಆಂಪಿಯರ್‌ಗೆ ಅಲ್ಲಿ ಸುಮಾರು 38 ವ್ಯಾಟ್ ಬಿಸಿಯಾಗುತ್ತದೆ. ಬೆಸುಗೆ ಹಾಕುವ ಐರನ್‌ಗೆ ಬೇಕಾಗುವಷ್ಟು ಶಾಖ, ಗೋಡೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ. ಕರೆಂಟ್ ಮಿತಿಯೊಳಗೇ ಇರುವುದರಿಂದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬೀಳುವುದಿಲ್ಲ, ಅದಕ್ಕೆ ಇದರ ಸುಳಿವೇ ಇರುವುದಿಲ್ಲ. ಹತ್ತು ನಿಮಿಷ ಒಲೆ ಓಡಿದ ಮೇಲೆ ಆರಿಸಿ, ಪ್ಲಗ್ಗಿನ ಹೊರಮೈ ಮುಟ್ಟಿ ನೋಡುವ ಅಭ್ಯಾಸ ಒಳ್ಳೆಯದು. ತುಸು ಬೆಚ್ಚಗಿದ್ದರೆ ಸರಿ. ಕೈಯಿಡಲಾಗದಷ್ಟು ಬಿಸಿ, ಪಿನ್ನಿನ ಸುತ್ತ ಕಂದುಬಣ್ಣ, ಮೀನಿನಂಥ ಕಮಟು ವಾಸನೆ ಇದ್ದರೆ ಸಾಕೆಟ್ ಬದಲಿಸದೆ ಮತ್ತೆ ಬಳಸಬಾರದು.

ಎಕ್ಸ್‌ಟೆನ್ಷನ್ ಬೋರ್ಡ್ ಬೇಡ. ಅನಿವಾರ್ಯವಾದರೆ ಒಲೆಯ ಪೂರ್ತಿ ಕರೆಂಟನ್ನು ತಾಳುವ, ಅರ್ಥ್ ವೈರಿರುವ, ಪೂರ್ತಿ ಬಿಚ್ಚಿ ಹರಡಿದ ಕೇಬಲ್ ಇರಲಿ, ಅದರಲ್ಲಿ ಇನ್ನೇನನ್ನೂ ಹಾಕಬೇಡಿ. ಸುತ್ತಿಟ್ಟ ಕೇಬಲ್‌ನ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಅಡುಗೆಕಟ್ಟೆಗೆ ಕೂರಿಸುವ ನಾಲ್ಕು ಬರ್ನರಿನ ಒಲೆಗಳು ಹೆಚ್ಚಾಗಿ 7 ಕಿಲೊವ್ಯಾಟ್ ದಾಟುತ್ತವೆ. 230 ವೋಲ್ಟ್‌ನ ಒಂದೇ ಫೇಸ್‌ನಲ್ಲಿ ಅದು 30 ಆಂಪಿಯರ್‌ಗೂ ಮೇಲೆ. ಅದಕ್ಕೆ ಪ್ರತ್ಯೇಕ ಲೈನ್, ಪ್ರತ್ಯೇಕ ಬ್ರೇಕರ್, 30 ಮಿಲಿಆಂಪಿಯರ್‌ಗೆ ಟ್ರಿಪ್ ಆಗುವ, ಅಂದರೆ ಅಷ್ಟು ಕರೆಂಟ್ ಸೋರಿದರೂ ಲೈನ್ ಕಡಿಯುವ ಆರ್‌ಸಿಡಿ ಇರಬೇಕು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಪಾತ್ರೆ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಅರ್ಥಿಂಗ್ ಪರೀಕ್ಷಿಸಿ ಎಂದೇ ಅರ್ಥ. ಕಾಲಿಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಅದನ್ನು ಮರೆಯುವುದು ಪರಿಹಾರವಲ್ಲ.

ಮೇಜಿನ ಮೇಲಿಡುವ ಒಲೆ ಕೆಳಗಿನಿಂದ ಗಾಳಿ ಎಳೆದು ಹಿಂದಿನಿಂದ ಬಿಡುತ್ತದೆ. ಬಟ್ಟೆ, ಹಳೇ ಪತ್ರಿಕೆ, ಮೆತ್ತನೆಯ ಮ್ಯಾಟ್ ಹಾಸಿ ಅದರ ಮೇಲಿಟ್ಟರೆ ಗಾಳಿಯ ಬಾಯಿ ಮುಚ್ಚುತ್ತದೆ, ಒಳಗಿನ ಬಿಡಿಭಾಗಗಳು ಕಾದು ಒಲೆ ಆಗಾಗ ನಿಲ್ಲುತ್ತದೆ, ಕೊನೆಗೆ ಸುಟ್ಟೂ ಹೋಗುತ್ತದೆ. ಗಟ್ಟಿಯಾದ, ಒಣಗಿದ, ಲೋಹವಲ್ಲದ ಮಟ್ಟಸ ಜಾಗದಲ್ಲಿಡಿ. ಸುತ್ತ 10 ಸೆಂಟಿಮೀಟರ್ ಖಾಲಿ ಇರಲಿ. ಗ್ಯಾಸ್ ಒಲೆಯ ಮೇಲೆ, ಆರಿದ್ದರೂ ಇಡಬಾರದು. ಅಡುಗೆ ಮುಗಿದ ಕೂಡಲೇ ಪ್ಲಗ್ ಕೀಳುವ ರೂಢಿಯನ್ನೂ ಬಿಡಿ. ಫ್ಯಾನ್ ತಾನೇ ನಿಲ್ಲುವವರೆಗೆ ಓಡಲಿ. ಬಿಸಿ ಗಾಜನ್ನು ಸೂಚಿಸುವ ಎಚ್ ಅಕ್ಷರದ ದೀಪವೂ ಪ್ಲಗ್ ಕಿತ್ತರೆ ಆರಿಹೋಗುತ್ತದೆ, ಗಾಜಿನ ಬಿಸಿ ಮಾತ್ರ ಆರಿರುವುದಿಲ್ಲ. ಗಾಜು ತಾನಾಗಿ ಕಾಯದಿದ್ದರೂ ಪಾತ್ರೆಯಿಂದ ಬಿಸಿ ಹಿಂದಿರುಗಿ ಬಂದಿರುತ್ತದೆ, ಕರಿದ ಬಾಣಲೆಯ ಕೆಳಗಿನ ಗಾಜಿಗೆ ಕೈ ತಾಗಿದರೆ ಬೊಬ್ಬೆ ಏಳುತ್ತದೆ.

ಪಾತ್ರೆ ಎತ್ತಿದರೆ ನಿಲ್ಲುತ್ತದಲ್ಲ ಎಂದು ಬಟನ್ ಒತ್ತದೆ ಬಿಡುವುದು ಸರಿಯಲ್ಲ. ಕೆಲವು ಒಲೆಗಳು ಸ್ವಲ್ಪ ಹೊತ್ತು ಪಾತ್ರೆಗಾಗಿ ಕಾಯುತ್ತಿರುತ್ತವೆ, ಆಗ ಮುಚ್ಚಳ ಇಟ್ಟರೂ ಅದೇ ಬಿಸಿಯಾಗತೊಡಗುತ್ತದೆ. ಚಮಚ, ಚಾಕು, ಮುಚ್ಚಳ, ಮೊಬೈಲ್ ಯಾವುದೂ ಗಾಜಿನ ಮೇಲಿರಬಾರದು. ಅಲ್ಯುಮಿನಿಯಂ ಫಾಯಿಲ್ ಅಂತೂ ಕೂಡದು, ಅಷ್ಟು ತೆಳು ಹಾಳೆ ಕರಗಿ ಗಾಜಿಗೆ ಅಂಟಿಬಿಡುತ್ತದೆ. ಮಕ್ಕಳಿರುವ, ಬೆಕ್ಕು ಕಟ್ಟೆ ಹತ್ತುವ ಮನೆಯಲ್ಲಿ ಲಾಕ್ ಬಟನ್ ಬಳಸಿ, ಕೆಲಸವಿಲ್ಲದಾಗ ಗೋಡೆಯ ಸ್ವಿಚ್ಚೂ ಆರಿರಲಿ.

ಸೆರಾಮಿಕ್ ಗಾಜು ಬಿಸಿ-ತಂಪನ್ನು ತಾಳುತ್ತದೆ, ಹೊಡೆತವನ್ನಲ್ಲ. ಮೇಲಿನ ಕಪಾಟಿನಿಂದ ಬಿದ್ದ ಒಂದು ಸಣ್ಣ ಡಬ್ಬಿಯ ಮೂಲೆ ಸಾಕು. ಬಿರುಕು ಬಿಟ್ಟರೆ, ಅದು ಎಷ್ಟೇ ಸಣ್ಣದಿರಲಿ, ಗೋಡೆಯಿಂದಲೇ ಕರೆಂಟ್ ತೆಗೆಯಿರಿ, ಗಾಜನ್ನು ಮುಟ್ಟಬೇಡಿ. ಉಕ್ಕಿದ ದ್ರವ ಆ ಬಿರುಕಿನಲ್ಲಿ ಇಳಿದರೆ ನೇರ ಮೇನ್ಸ್ ವೋಲ್ಟೇಜಿನ ಭಾಗಗಳಿಗೆ ತಾಗುತ್ತದೆ, ಒದ್ದೆ ಪಾತ್ರೆ ಹಿಡಿದ ಕೈಗೆ ಶಾಕ್ ಹೊಡೆಯಬಹುದು. ಅಂಟು, ಟೇಪು ಯಾವುದೂ ಇದಕ್ಕೆ ಮದ್ದಲ್ಲ, ಗಾಜು ಬದಲಿಸಲೇಬೇಕು.

ಶುಚಿ ಮಾಡಲು ತಣ್ಣಗಾದ ಮೇಲೆ ಒದ್ದೆ ಬಟ್ಟೆ, ತುಸು ಸೋಪು ಸಾಕು, ಸ್ಟೀಮ್ ಕ್ಲೀನರ್ ಬೇಡ. ಸಕ್ಕರೆ ಪಾಕಕ್ಕೆ ಮಾತ್ರ ಈ ನಿಯಮ ತಲೆಕೆಳಗು. ಅದು ತಣಿದು ಗಟ್ಟಿಯಾದರೆ ಗಾಜಿನ ಮೇಲ್ಪದರವನ್ನೇ ಕಿತ್ತುಕೊಂಡು ಬರುತ್ತದೆ. ಒಲೆ ಆರಿಸಿ, ಪಾಕ ಮೆತ್ತಗಿರುವಾಗಲೇ, ದಪ್ಪ ಕೈಗವಸು ಹಾಕಿಕೊಂಡು, ಗಾಜು ಕೆರೆಯುವ ಸ್ಕ್ರೇಪರನ್ನು ಓರೆಯಾಗಿ ಹಿಡಿದು ತಣ್ಣನೆಯ ಕಡೆಗೆ ಎಳೆಯಿರಿ. ಒಲೆಯಡಿಯ ಜಾಲರಿಯನ್ನು ಆಗಾಗ ಪ್ಲಗ್ ಕಿತ್ತು ಒಣ ಬ್ರಷ್‌ನಿಂದ ತಿಕ್ಕಿ. ಎಣ್ಣೆಜಿಡ್ಡು, ಧೂಳು ಸೇರಿ ಫ್ಯಾನನ್ನು ಕಟ್ಟಿಹಾಕುತ್ತವೆ. ಬೆಚ್ಚನೆಯ ಜಾಗ ಹುಡುಕಿ ಒಳಸೇರುವ ಜಿರಲೆಗಳೂ ಸರ್ಕ್ಯೂಟ್ ಬೋರ್ಡ್ ಶಾರ್ಟ್ ಆಗಲು ಕಾರಣವಾಗುತ್ತವೆ.

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಐಸಿಡಿ (ಹೃದಯದ ಬಡಿತ ತಪ್ಪಿದರೆ ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಇರುವವರು ಓಡುತ್ತಿರುವ ಒಲೆಗೂ ಸಾಧನಕ್ಕೂ ನಡುವೆ 60 ಸೆಂಟಿಮೀಟರ್ ಅಂತರ ಇಟ್ಟುಕೊಳ್ಳಬೇಕು. ಮುಂದೆ ಬಾಗಿ ಹಿಂದಿನ ಬರ್ನರಿನ ಪಾತ್ರೆಯಲ್ಲಿ ಕೈಯಾಡಿಸುವಾಗ ಈ ಅಂತರ ಗೊತ್ತಾಗದಂತೆ ಕಡಿಮೆಯಾಗುತ್ತದೆ. ತಮ್ಮ ಸಾಧನಕ್ಕೆ ಯಾವ ನಿಯಮ ಎಂದು ವೈದ್ಯರನ್ನು ಕೇಳುವುದು ಅಗತ್ಯ. ಉಳಿದವರಿಗೆ ಅಂಜಿಕೆ ಬೇಡ. ಆದರೂ ದೊಡ್ಡ ಬರ್ನರಿನ ಮೇಲೆ ಪುಟ್ಟ ಪಾತ್ರೆ ಇಟ್ಟರೆ, ಅಥವಾ ಪಾತ್ರೆ ಒಂದು ಪಕ್ಕಕ್ಕೆ ಸರಿದಿದ್ದರೆ ಕಾಂತಕ್ಷೇತ್ರ ಹೊರಗೆ ಹೆಚ್ಚು ಚೆಲ್ಲುತ್ತದೆ. ಬರ್ನರಿನ ಗೆರೆ ತುಂಬುವಷ್ಟು ಅಗಲದ ಪಾತ್ರೆಯನ್ನು ನಡುವೆ ಇಡಿ, ಅಡುಗೆಗೂ ಅದೇ ಒಳ್ಳೆಯದು.

ಡಿಸ್‌ಪ್ಲೇಯಲ್ಲಿ ಎರರ್ ಕೋಡ್ ಬಂದರೆ ಕೈಪಿಡಿ ನೋಡಿ, ಒಂದೇ ಕೋಡ್‌ಗೆ ತಯಾರಕರಿಂದ ತಯಾರಕರಿಗೆ ಅರ್ಥ ಬೇರೆ. ಅರ್ಧ ಗಂಟೆ ತಣಿಸಿ, ಗಾಳಿದಾರಿ ನೋಡಿ, ಮತ್ತೊಮ್ಮೆ ಹಚ್ಚಿ. ಆಗಲೂ ಅದೇ ಕೋಡ್ ಬಂದರೆ ಮತ್ತೆ ಮತ್ತೆ ಆನ್ ಮಾಡುತ್ತ ಕೂರಬೇಡಿ. ಒಲೆಯನ್ನೇ ಬಿಚ್ಚುವ ಸಾಹಸವೂ ಬೇಡ. 230 ವೋಲ್ಟ್ ಒಲೆಯೊಳಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಕೆಲ ಹೊತ್ತು ಉಳಿಯಬಹುದು. ರಿಪೇರಿಯವರಿಗೆ ಕೋಡ್ ಜೊತೆಗೆ ಮೂರು ವಿವರ ತಿಳಿಸಿ: ಆಗ ಪವರ್ ಎಷ್ಟಿತ್ತು, ಹಚ್ಚಿ ಎಷ್ಟು ನಿಮಿಷವಾಗಿತ್ತು, ಯಾವ ಪಾತ್ರೆ ಇತ್ತು. ಸಾಧ್ಯವಾದರೆ ಆ ಪಾತ್ರೆಯನ್ನೂ ತೋರಿಸಿ, ಸೆನ್ಸರ್ ದೋಷದಂತೆ ಕಾಣುವುದು ಕೆಲವೊಮ್ಮೆ ಡೊಂಕಾದ ತಳವಷ್ಟೇ ಆಗಿರುತ್ತದೆ.